ವಿಜಯಪುರದ ಸಚಿತ್ರ ವಿಶ್ವಕೋಶ

ಮೊಗಲರ ಕಿರುಚಿತ್ರಗಳನ್ನು ನೀವು ಪಠ್ಯಪುಸ್ತಕದಲ್ಲಿ ನೋಡಿರುತ್ತೀರಿ. ನಮ್ಮ ವಿಜಯಪುರದಲ್ಲೂ 1570ರಲ್ಲಿ, ಒಂದನೆಯ ಅಲಿ ಆದಿಲ್ ಷಾಹನ ಆಸ್ಥಾನದಲ್ಲಿ, ಸಚಿತ್ರ ಪಾರಸಿ ವಿಶ್ವಕೋಶವೊಂದು ಸಿದ್ಧವಾಯಿತು. ಹೆಸರು ‘ನುಜೂಮ್-ಉಲ್-ಉಲೂಮ್’, ಅಂದರೆ ವಿದ್ಯೆಗಳ ನಕ್ಷತ್ರಗಳು. ಗ್ರಹ, ರಾಶಿಗಳ ಜೊತೆಗೆ ಆನೆ, ಕುದುರೆ, ಆಯುಧಗಳೂ ಇದರಲ್ಲಿವೆ. ಬರೀ ಜ್ಯೋತಿಷವೆಂದು ಬದಿಗೆ ಸರಿಸಬೇಡಿ. ಗ್ರಹಫಲವನ್ನು ನಾವು ನಂಬಬೇಕಾಗಿಲ್ಲ. ಆದರೆ ಹಳೆಯ ಕತ್ತಿಗಳ ಮೇಲೆ ಇಸವಿ ಇರುವುದು ಅಪರೂಪ, ಈ ಹಸ್ತಪ್ರತಿಗೆ ಇಸವಿಯಿದೆ. ಆದ್ದರಿಂದಲೇ ಉಳಿದಿರುವ ದಖನಿ ಆಯುಧಗಳ ಕಾಲವನ್ನು ಗೊತ್ತುಮಾಡಲು ಇತಿಹಾಸಕಾರರು ಇದರ ಚಿತ್ರಗಳೊಡನೆ ಹೋಲಿಸಿ ನೋಡುತ್ತಾರೆ.

ಅರಸರಿಗೆ ವಿಶ್ವಕೋಶದ ಹಂಬಲ ಹೊಸದೇನಲ್ಲ. 18ನೆಯ ಶತಮಾನದ ಆರಂಭದಲ್ಲಿ ಕೆಳದಿಯ ಬಸವಪ್ಪ ನಾಯಕನೂ ಸಂಸ್ಕೃತದಲ್ಲಿ ‘ಶಿವತತ್ವ ರತ್ನಾಕರ’ ರಚಿಸಿದ. ಅವನ ರಾಜಧಾನಿ ಬಿದನೂರು ಇಂದಿನ ಹೊಸನಗರ ತಾಲ್ಲೂಕಿನ ನಗರ. ವಿಜಯಪುರದ ಹಸ್ತಪ್ರತಿ ಮಾತ್ರ ಈಗ ಐರ್ಲೆಂಡಿನ ಡಬ್ಲಿನ್‌ನಲ್ಲಿ, ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ.