ಗಾನಸಭೆಯಲ್ಲಿ ಶ್ರೋತೃಧರ್ಮ

ಗಾನವು ಗಾಯಕನೊಬ್ಬನ ಸಾಧನೆಯಿಂದಲೇ ಪೂರ್ಣವಾಗುವುದಿಲ್ಲ. ಕೇಳುವವನ ಸಂಸ್ಕಾರವೂ ಅದಕ್ಕೆ ಬೇಕು. ಭರತಮುನಿಯ ನಾಟ್ಯಶಾಸ್ತ್ರವು ತನ್ನ 27ನೆಯ ಅಧ್ಯಾಯದಲ್ಲಿ ಪ್ರಯೋಗದ ಸಿದ್ಧಿಯನ್ನು ಸಭೆಯ ಪ್ರತಿಸ್ಪಂದನದಿಂದಲೇ ಅಳೆಯುತ್ತದೆ. ಮುಗುಳ್ನಗೆ, ಸಾಧುವಾದ, ರೋಮಾಂಚನಗಳು ಮಾನುಷೀ ಸಿದ್ಧಿ. ತುಂಬಿದ ಸಭೆ ಸದ್ದುಗದ್ದಲವಿಲ್ಲದೆ ತನ್ಮಯವಾಗಿರುವುದು ದೈವೀ ಸಿದ್ಧಿ. ನಾಟ್ಯಕ್ಕೆ ಹೇಳಿದ ಈ ಮಾತು ಗಾನಕ್ಕೂ ಸಲ್ಲುತ್ತದೆ.

ಹೂವಿನಹಡಗಲಿ ಸೀಮೆಯ ರಸಿಕರಿಗೆ ಈ ವಿಚಾರದಲ್ಲಿ ವಿಶೇಷ ಅರ್ಥವಿದೆ. ತುಂಗಭದ್ರೆಯ ಬಲದಂಡೆಯ ಈ ತಾಲ್ಲೂಕು 1953ರವರೆಗೆ ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ನದಿಯಾಚೆಯ ಗದುಗು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ತೆಂಕಣ ಕರ್ನಾಟಕ ಸಂಗೀತವೂ ಬಡಗಣ ಹಿಂದೂಸ್ತಾನಿ ಸಂಗೀತವೂ ಸಂಧಿಸುವ ಎಡೆಯಿದು. ಎರಡು ಪದ್ಧತಿಗಳ ಶ್ರವಣಮರ್ಯಾದೆಗಳೂ ಬೇರೆ. ಕರ್ನಾಟಕ ಕಚೇರಿಯ ಶ್ರೋತೃ ಆದಿತಾಳದ 8 ಅಕ್ಷರಗಳನ್ನು ತೊಡೆಯ ಮೇಲೆ ಎಣಿಸುತ್ತಾನೆ. ಹಿಂದೂಸ್ತಾನಿ ಬೈಠಕ್ಕಿನ ಶ್ರೋತೃ ತೀನತಾಲದ 16 ಮಾತ್ರೆಗಳು ಮುಗಿದು ಗಾಯಕನು ‘ಸಮ್’ಗೆ ಬಂದಿಳಿದಾಗ ತಲೆದೂಗಿ ‘ವಾಹ್’ ಎನ್ನುತ್ತಾನೆ. ತಾಳದ ಕಟ್ಟಿಲ್ಲದ ಆಲಾಪನೆಯಲ್ಲಿ ಮಾತ್ರ ಇಬ್ಬರಿಗೂ ಮೌನವೇ ಒಪ್ಪುವ ನಡೆ.

ಈ ಎರಡು ಧಾರೆಗಳು ಉಭಯಗಾನವಿಶಾರದ ಪಂಚಾಕ್ಷರ ಗವಾಯಿಗಳ (1892–1944) ಕಂಠದಲ್ಲಿ ಒಂದಾದವು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅವರಿಗೆ ಕಣ್ಣಿನ ದೃಷ್ಟಿಯಿರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರ ಉತ್ತರಾಧಿಕಾರಿಗಳಾದ ಪುಟ್ಟರಾಜ ಗವಾಯಿಗಳೂ (1914–2010) ಅಂಧರೇ. ಅಂಥ ಗಾಯಕನಿಗೆ ಶ್ರೋತೃಗಳ ತಲೆದೂಗು ಕಾಣುವುದಿಲ್ಲ. ಸಭೆಯು ಕಿವಿಗೆ ಮಾತ್ರ ಗೋಚರ. ತಡವಾಗಿ ಬಂದವನ ಹೆಜ್ಜೆ, ಪಿಸುಮಾತು, ನಡುವೆ ಎದ್ದುಹೋಗುವವರ ಸಪ್ಪಳ ಇವೆಲ್ಲ ಅವನಿಗೆ ಮೊದಲು ತಿಳಿಯುತ್ತವೆ. ಸಕಾಲದಲ್ಲಿ ಹೊಮ್ಮಿದ ಒಂದು ಉದ್ಗಾರವೇ ಅವನಿಗೆ ದೊರೆಯುವ ಮನ್ನಣೆ. ಮೌನವೂ ಅಷ್ಟೇ, ಬೇಸತ್ತ ಸಭೆಯ ಮೌನಕ್ಕೂ ಲೀನವಾದ ಸಭೆಯ ಮೌನಕ್ಕೂ ಇರುವ ಅಂತರವನ್ನು ಅವನು ಕಿವಿಯಿಂದಲೇ ಅರಿಯಬೇಕು. ಇಲ್ಲಿ ಸಭಾಮರ್ಯಾದೆ ಬರಿಯ ಶಿಷ್ಟಾಚಾರವಾಗಿ ಉಳಿಯದೆ ಗಾಯಕನಿಗೆ ಸಲ್ಲಿಸುವ ಸೇವೆಯಾಗುತ್ತದೆ.

ಮಠದ ಅಂಗಳದಲ್ಲಿ ಹಾರ್ಮೋನಿಯಂ, ತಬಲಾಗಳೊಡನೆ ಶ್ರಾವಣಮಾಸದ ಪುರಾಣ ನಡೆಯುವಾಗ ರಾಗಜ್ಞಾನಿಯೂ ರಾಗದ ಹೆಸರರಿಯದ ರೈತನೂ ಒಂದೇ ಜಮಖಾನೆಯ ಮೇಲೆ ಕೂಡುತ್ತಾರೆ. ಇವರಲ್ಲಿ ನಿಜವಾದ ಶ್ರೋತೃ ಯಾರು? ಶಿವನು ಮೆಚ್ಚುವುದು ನಾದವನ್ನಲ್ಲ, ವೇದವನ್ನೂ ಅಲ್ಲ, ಭಕ್ತಿಯನ್ನು ಎಂಬುದು ಬಸವಣ್ಣನವರ ನಿಲುವು. ಆದರೆ ತಮ್ಮ ಶರೀರವನ್ನೇ ತಂತಿವಾದ್ಯವಾಗಿಸಿ ನುಡಿಸೆಂದು ದೇವನನ್ನು ಬೇಡಿದವರೂ ಅವರೇ. ಆದುದರಿಂದ ಆ ನಿಲುವು ನಾದದ ತಿರಸ್ಕಾರವಲ್ಲ. ನಾದದ ನೆಪದಲ್ಲಿ ಬೆಳೆಯುವ ಅಹಂಕಾರದ ತಿರಸ್ಕಾರ. ತಾಳ ಬಲ್ಲೆನೆಂದು ತೋರಿಸಿಕೊಳ್ಳಲು ಸದ್ದುಮಾಡುವ ಪಂಡಿತನು ಇನ್ನೂ ತನ್ನನ್ನೇ ಕೇಳಿಕೊಳ್ಳುತ್ತಿದ್ದಾನೆ. ಮಂಗಳದವರೆಗೆ ಕದಲದೆ ಕುಳಿತ ರೈತನಾದರೋ ಗಾಯಕನ ಕೈಯ ವಾದ್ಯವಾಗಿದ್ದಾನೆ. ಭರತನು ದೈವೀ ಸಿದ್ಧಿಯೆಂದುದು ಇಂಥವರು ತುಂಬಿದ ಸಭೆಗೆ ಲಭಿಸುತ್ತದೆ.