ಸ್ವರವನ್ನು ಭಾಗಿಸಿದವರು

ತಂಬೂರಿಯ ಮಂದ್ರ ಷಡ್ಜವನ್ನು ಮೀಟಿ ಸುಮ್ಮನೆ ಕಿವಿಗೊಟ್ಟರೆ, ಯಾರೂ ಮೀಟದ ಅಂತರ ಗಾಂಧಾರವೊಂದು ಅದರೊಳಗಿಂದ ಎದ್ದು ಬರುತ್ತದೆ. ಸ್ವಯಂಭೂ ಗಾಂಧಾರವೆಂದು ಅದಕ್ಕೆ ಹೆಸರು. ಮೂಲ ಕಂಪನದ ಐದರಷ್ಟು ಕಂಪನ ಅದರದು. ತಂತಿಗೆ ಹೀಗೆ ಗುಣಿಸುವುದು ಗೊತ್ತು, ಭಾಗಿಸುವುದು ಗೊತ್ತಿಲ್ಲ. ಮೂಲದ ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು ಎಂದು ಕೆಳಗಿಳಿಯುವ ಸಬ್‌ಹಾರ್ಮೋನಿಕ್ ಸಾಲು ಸಾಮಾನ್ಯ ವಾದ್ಯಗಳಲ್ಲಿ ತಾನಾಗಿ ಹುಟ್ಟುವುದಿಲ್ಲ. ಟಿಬೆಟಿನ ಬೌದ್ಧ ಭಿಕ್ಷುಗಳ ಗಂಟಲ ಪಠಣದಂಥ ಅಪವಾದಗಳನ್ನು ಬಿಟ್ಟರೆ, ಈ ಸಾಲಿಗಾಗಿ ವಿದ್ಯುತ್ತು ಬರುವವರೆಗೆ ಕಾಯಬೇಕಾಯಿತು.

1930ರಲ್ಲಿ ಬರ್ಲಿನ್ನಿನ ಸಂಗೀತ ಕಾಲೇಜಿನಲ್ಲಿ ಫ್ರೀಡ್ರಿಶ್ ಟ್ರೌಟ್‌ವೈನ್ ಎಂಬ ಎಂಜಿನಿಯರ್ ಟ್ರೌಟೋನಿಯಂ ಎಂಬ ವಾದ್ಯ ಕಟ್ಟಿದರು. ಅದಕ್ಕೆ ಮನೆಗಳಿರಲಿಲ್ಲ. ಲೋಹದ ಪಟ್ಟಿಯ ಮೇಲೆ ಎಳೆದು ಕಟ್ಟಿದ ಒಂದು ತಂತಿ. ಬೆರಳು ಒತ್ತಿದಲ್ಲಿ ಸ್ವರ, ಜಾರಿಸಿದರೆ ಜಾರು. ಗಮಕ ಬಲ್ಲ ಕೈಗೆ ಹಾರ್ಮೋನಿಯಮ್ಮಿಗಿಂತ ಇದೇ ಹತ್ತಿರವಾದೀತು. ಸಂಯೋಜಕ ಪೌಲ್ ಹಿಂಡೆಮಿತ್ ಅದೇ ವರ್ಷ ಮೂರು ಟ್ರೌಟೋನಿಯಂಗಳಿಗಾಗಿ ಕೃತಿ ಬರೆದರು. ನುಡಿಸಿದವರಲ್ಲಿ ಅವರ ಶಿಷ್ಯ ಓಸ್ಕರ್ ಸಾಲಾ ಕೂಡ ಇದ್ದರು. 2002ರಲ್ಲಿ ತೀರಿಕೊಳ್ಳುವವರೆಗೂ ಸಾಲಾ ಈ ವಾದ್ಯವನ್ನು ಬಿಡಲಿಲ್ಲ. ಸ್ವರವನ್ನು ಭಾಗಿಸುವ ಯೋಚನೆಯನ್ನು ಬೆಳೆಸಿದವರೂ ಅವರೇ. 1950ರ ದಶಕದ ಆರಂಭದಲ್ಲಿ ಅವರು ರೂಪಿಸಿದ ಮಿಕ್ಸ್‌ಟುರ್ ಟ್ರೌಟೋನಿಯಂನಲ್ಲಿ ಒಂದು ಬೆರಳಿಗೆ ಹಲವು ಸಬ್‌ಹಾರ್ಮೋನಿಕ್‌ಗಳು ಗುಂಪಾಗಿ ಮೊಳಗುತ್ತಿದ್ದವು. ಹಿಚ್‌ಕಾಕ್‌ನ 'ದಿ ಬರ್ಡ್ಸ್' (1963) ಚಿತ್ರದಲ್ಲಿ ಮೈ ಜುಮ್ಮೆನ್ನಿಸುವ ಹಕ್ಕಿಗಳ ಕಿರುಚಾಟ ಹೊರಟಿದ್ದು ಇದೇ ಪೆಟ್ಟಿಗೆಯಿಂದ.

ಆ ಗುಂಪಿನಲ್ಲಿ ಏನು ಕೇಳಿಸುತ್ತದೆಂಬುದನ್ನು ನಮ್ಮ ಸ್ವರಗಳಲ್ಲೇ ಹೇಳಬಹುದು. ತಾರ ಷಡ್ಜದಿಂದ ಇಳಿಯೋಣ. 2, 4, 8ರಿಂದ ಭಾಗಿಸಿದರೆ ಷಡ್ಜವೇ. 3ರಿಂದ ಶುದ್ಧ ಮಧ್ಯಮ, 5ರಿಂದ ಶುದ್ಧ ಧೈವತ, 9ರಿಂದ ಕೈಶಿಕಿ ನಿಷಾದ, 15ರಿಂದ ಶುದ್ಧ ರಿಷಭ. 11 ಬಂದು ಕೂರುವುದು ಪ್ರತಿ ಮಧ್ಯಮಕ್ಕೂ ಪಂಚಮಕ್ಕೂ ನಡುವೆ, ಎರಡಕ್ಕೂ ಸೇರದೆ. ನಿಖರವಾದ ಪಂಚಮ ಮಾತ್ರ ಎಷ್ಟು ಇಳಿದರೂ ಸಿಗದು. ತಂಬೂರಿಯ ಲೋಕವನ್ನು ಬುಡಮೇಲು ಮಾಡಿದ ಹಾಗಾಯಿತು. 440 ಹರ್ಟ್ಸನ್ನು 4, 5, 6ರಿಂದ ಭಾಗಿಸಿದಾಗ ಸಿಗುವ 110, 88, 73.3 ಹರ್ಟ್ಸ್‌ಗಳನ್ನು ಕೂಡಿಸಿ ಕೇಳಿ: ಕೆಳಗಿನದನ್ನು ಷಡ್ಜವೆಂದುಕೊಂಡರೆ ಅದು ಸ, ಸಾಧಾರಣ ಗಾಂಧಾರ, ಪ. ಪಾಶ್ಚಾತ್ಯರ ಮೈನರ್ ಸ್ವರಮೇಳ. ಸಾಲಾ ಅವರ ನಾದಕ್ಕಿರುವ ಮಬ್ಬುಗತ್ತಲಿನ ಬಣ್ಣಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಮಾರುಕಟ್ಟೆ ಹಿಡಿದದ್ದು ಎರಡರ ಭಾಗಾಕಾರವನ್ನು ಮಾತ್ರ. 1939ರ ಹ್ಯಾಮಂಡ್ ನೋವಾಕಾರ್ಡ್ ಮೇಲಿನ ಹನ್ನೆರಡು ಸ್ವರಗಳನ್ನು ಅರ್ಧರ್ಧ ಮಾಡುತ್ತ ಕೆಳಗಿನ ಸ್ಥಾಯಿಗಳನ್ನೆಲ್ಲ ಪಡೆಯಿತು. 1982ರ ರೋಲ್ಯಾಂಡ್ ಎಸ್‌ಎಚ್-101ರ ಸಬ್ ಆಸಿಲೇಟರ್ ಕೂಡ ಒಂದೆರಡು ಸ್ಥಾಯಿ ಕೆಳಗಿಳಿಯುವುದಷ್ಟೇ. ಬೇಸ್ ದಪ್ಪವಾಗುತ್ತದೆ, ನಿಜ. ಆದರೆ ಷಡ್ಜಕ್ಕೆ ಷಡ್ಜ ಸೇರಿಸಿದರೆ ಹೊಸದೇನು ಬಂತು?

ಹೊಸದು ಬಂದದ್ದು ಮಾಡ್ಯುಲರ್ ಸಿಂಥಸೈಜರ್‌ಗಳಲ್ಲಿ, ಅದೂ ಹಿಂಬಾಗಿಲಿನಿಂದ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸರ್ಜ್ ಚೆರೆಪ್ನಿನ್ ಮಾಡಿದ ಸ್ಲೋಪ್ ಜನರೇಟರ್‌ನ ಕೆಲಸ ವೋಲ್ಟೇಜನ್ನು ಏರಿಸಿ ಇಳಿಸುವುದು. ಕೈಲಿರುವ ದೋಸೆ ತಿರುವಿ ಹಾಕುವವರೆಗೆ ಯಾರು ಕೂಗಿದರೂ ತಿರುಗಿ ನೋಡದ ಭಟ್ಟರ ಹಾಗೆ, ಒಂದು ಏರಿಳಿತ ಮುಗಿಯುವವರೆಗೆ ಅದು ಮುಂದಿನ ಟ್ರಿಗರ್‌ಗೆ ಓಗೊಡುವುದಿಲ್ಲ. ಅದಕ್ಕೆ ಆಸಿಲೇಟರ್‌ನ ಅಲೆಯನ್ನೇ ಟ್ರಿಗರ್ ಆಗಿ ಕೊಟ್ಟು, ಏರಿಳಿತದ ಅವಧಿಯನ್ನು ನಿಧಾನವಾಗಿ ಹಿಗ್ಗಿಸಿ. ಎರಡಕ್ಕೊಂದು ಟ್ರಿಗರ್ ತಪ್ಪುತ್ತದೆ, ಆಮೇಲೆ ಮೂರರಲ್ಲಿ ಎರಡು. ಸ್ವರ ಜಾರುವುದಿಲ್ಲ, ಮೆಟ್ಟಿಲಿಳಿಯುತ್ತದೆ. ಎರಡು ಮೆಟ್ಟಿಲುಗಳ ಅಂಚಿನಲ್ಲಿ ಅದು ತೊದಲುತ್ತದೆ. ನಾಬನ್ನು ಬೇಕೆಂದೇ ಅಲ್ಲಿ ನಿಲ್ಲಿಸಿ ಆ ತೊದಲನ್ನು ಕೇಳುವ ಸುಖ ನಿಖರವಾದ ಡಿಜಿಟಲ್ ಎಣಿಕೆಯಲ್ಲಿ ಇಲ್ಲ.

ನಿಖರತೆಯೇ ಬೇಕೆನ್ನುವವರಿಗೆ ಜರ್ಮನಿಯ ಡೋಪ್ಫರ್ ಕಂಪನಿಯ ಎ-113 ಇದೆ. ಸಾಲಾ ಅವರ ವಾದ್ಯವನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ ಈ ಮಾಡ್ಯೂಲ್ ಒಳಬರುವ ಒಂದು ಸ್ವರದಿಂದ ನಾಲ್ಕು ಸಬ್‌ಹಾರ್ಮೋನಿಕ್ ತೆಗೆಯುತ್ತದೆ. ಪ್ರತಿಯೊಂದರ ಭಾಜಕ 1ರಿಂದ 24ರೊಳಗೆ ನಮ್ಮಿಷ್ಟ. ಇಂಥ ಮಾಡ್ಯೂಲ್‌ಗಳಿಗೆ ಒಳಗೆ ಕೊಡುವ ಅಲೆ ಚೊಕ್ಕವಾಗಿರಬೇಕು. ಹಲವು ಸ್ವರ ಬೆರೆತದ್ದನ್ನು ಕೊಟ್ಟರೆ ಎಣಿಕೆ ತಪ್ಪಿ ಗೊರಗೊರ ಎನ್ನುತ್ತದೆ. ಅದನ್ನೂ ಸಂಗೀತವೆನ್ನುವವರಿದ್ದಾರೆ, ನನ್ನ ತಕರಾರಿಲ್ಲ. ನನ್ನ ತಕರಾರು ಬೇರೆ. ಮೂಲ ಸ್ವರ ಹತ್ತಿದರೆ ನಾಲ್ಕೂ ಹತ್ತುತ್ತವೆ, ಇಳಿದರೆ ನಾಲ್ಕೂ ಇಳಿಯುತ್ತವೆ. ಹತ್ತು ನಿಮಿಷಕ್ಕೇ ಬೇಸರ ಬರುತ್ತದೆ. ನುಡಿಸುತ್ತಲೇ ಭಾಜಕ ಬದಲಿಸಬೇಕು. ಸಾಲಾ ತಮ್ಮ ವಾದ್ಯದಲ್ಲಿ ಗುಂಪು ಬದಲಿಸುವ ಸ್ವಿಚ್ಚನ್ನು ಕಾಲಿನ ಪೆಡಲಿಗೇ ಜೋಡಿಸಿಕೊಂಡದ್ದು ಸುಮ್ಮನೆ ಅಲ್ಲ.

2020ರಲ್ಲಿ ಬಂದ ಮೂಗ್ ಸಬ್‌ಹಾರ್ಮೋನಿಕಾನ್ ಆ ಬೇಸರಕ್ಕೆ ಲಯದ ಕಡೆಯಿಂದ ಮದ್ದು ಹುಡುಕಿತು. ಸಂಯೋಜಕ ಹೆನ್ರಿ ಕೋವೆಲ್ ಹೇಳಿ, ಎಂಜಿನಿಯರ್ ಲಿಯೋನ್ ಥೆರೆಮಿನ್ 1931ರ ಸುಮಾರಿಗೆ ಕಟ್ಟಿದ ರಿದ್ಮಿಕಾನ್‌ನಲ್ಲಿ ಹಾರ್ಮೋನಿಕ್ ಎಷ್ಟನೆಯದೋ ಅಷ್ಟು ಪೆಟ್ಟು ಬೀಳುತ್ತಿತ್ತು. ಮೂಗ್ ಎಂಜಿನಿಯರ್‌ಗಳು ಆ ಯೋಚನೆಯನ್ನು ಟ್ರೌಟೋನಿಯಂ ಜೊತೆ ಹೊಲಿದರು. ಎರಡು ಆಸಿಲೇಟರ್, ಒಂದೊಂದಕ್ಕೂ ಎರಡು ಸಬ್ ಆಸಿಲೇಟರ್, ಜೊತೆಗೆ ಒಂದೇ ಕ್ಲಾಕನ್ನು ಭಾಗಿಸುವ ನಾಲ್ಕು ಲಯ ಜನರೇಟರ್‌ಗಳು. ಒಂದಕ್ಕೆ 3, ಇನ್ನೊಂದಕ್ಕೆ 4 ಕೊಟ್ಟರೆ ತಕಿಟ, ತಕದಿಮಿ ಒಟ್ಟಿಗೆ ಹೊರಟು ಹನ್ನೆರಡು ದಾಟಿದಾಗ ಮತ್ತೆ ಸಮಕ್ಕೆ ಬಂದು ಸೇರುತ್ತವೆ.

ಸ್ವರಕ್ಕೂ ಲಯಕ್ಕೂ ಒಂದೇ ಎಣಿಕೆ ಎಂಬುದು ಎ-113ರಲ್ಲೂ ಕೈಗೆ ಸಿಗುತ್ತದೆ. 110 ಹರ್ಟ್ಸ್ ಕೊಟ್ಟು ಭಾಜಕವನ್ನು ಏರಿಸುತ್ತ ಹೋಗಿ. 4ಕ್ಕೆ ಸ್ಪೀಕರಿನ ಗುಂಯ್‌ಗಾರ, 8ಕ್ಕೆ ಬರೀ ಗುಡುಗುಡು, 24ಕ್ಕೆ ಸೆಕೆಂಡಿಗೆ ನಾಲ್ಕೂವರೆಯಷ್ಟು ಟಕ್ ಟಕ್ ಸದ್ದು. ಸ್ವರ ಹೋಗಿದೆ. ಕೈ ಆಗಲೇ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ.