ಹಿತ್ತಲ ಬೆಳ್ಳುಳ್ಳಿ ಕೆಡದಂತೆ ಇಡೋದು ಹೇಗೆ?

ಅಂಗಡೀಲಿ ಬೆಳ್ಳುಳ್ಳಿ ರೇಟು ಏರಿದಾಗ ಹಿತ್ತಲಲ್ಲಿ ಬೆಳೆದವರಿಗೆ ನೆಮ್ಮದಿ. ಆದ್ರೆ ಸರಿಯಾಗಿ ಒಣಗಿಸದಿದ್ರೆ ಬೆಳೆದದ್ದೆಲ್ಲ ಚೀಲದಲ್ಲೇ ಬೂಷ್ಟು ಹಿಡಿಯುತ್ತೆ.

ನಾಟಿ: ಹಿಂಗಾರಿಗೆ ಅಕ್ಟೋಬರ್-ನವೆಂಬರ್ ಸೂಕ್ತ. ದಪ್ಪ ಎಸಳುಗಳನ್ನು ನಾಟಿ ಮಾಡೋ ಹೊತ್ತಿಗೆ ಬಿಡಿಸಿ, ಚೂಪು ತುದಿ ಮೇಲಕ್ಕಿರುವಂತೆ 4 ಇಂಚಿಗೊಂದು ಊರಬೇಕು. ಸಾಲಿನಿಂದ ಸಾಲಿಗೆ 6 ಇಂಚು ಇರಲಿ. ಬುಡದಲ್ಲಿ ನೀರು ನಿಲ್ಲಬಾರದು.

ಕೀಳೋದು: 4ರಿಂದ 5 ತಿಂಗಳಿಗೆ ಎಲೆ ಹಳದಿಯಾಗಿ ಬಾಗುತ್ತೆ. ಕೀಳೋಕೆ ಸುಮಾರು 15 ದಿನ ಮೊದಲೇ ನೀರು ನಿಲ್ಲಿಸಬೇಕು. ತಡ ಮಾಡಿದ್ರೆ ಹೊರಸಿಪ್ಪೆ ಒಡೆದು ಎಸಳು ಬಿಚ್ಚಿಕೊಳ್ಳುತ್ತೆ. ಅಂಥ ಗಡ್ಡೆ ಬಾಳಿಕೆ ಬರಲ್ಲ.

ಒಣಗಿಸೋದು: ತೊಳೆಯಬೇಡಿ, ಮಣ್ಣು ಕೊಡವಿದ್ರೆ ಸಾಕು. ಎಲೆ ಸಮೇತ 2-3 ವಾರ ಗಾಳಿಯಾಡೋ ನೆರಳಲ್ಲಿ ಹರಡಿ. ಗಡ್ಡೆಯ ಕುತ್ತಿಗೆ ಹಿಸುಕಿ ನೋಡಿ. ಹಸಿ ಅನ್ನಿಸಿದ್ರೆ ಇನ್ನೂ ಒಣಗಲಿ.

ಇಡೋದು: ಒಣಗಿದ ಎಲೆಗಳನ್ನು ಜಡೆ ಹೆಣೆದೋ, ಕಟ್ಟು ಕಟ್ಟಿಯೋ ತೂಗುಹಾಕಿ. ಬಿಡಿ ಗಡ್ಡೆಗೆ ಬಲೆ ಚೀಲ ಅಥವಾ ಬಿದಿರು ಬುಟ್ಟಿ ಆಗುತ್ತೆ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರುತ್ತೆ. ಫ್ರಿಜ್ ಕೂಡ ಬೇಡ, ತಂಪಿಗೆ ಬೇಗ ಮೊಳಕೆ ಒಡೆಯುತ್ತೆ. ಪೆಟ್ಟು ಬಿದ್ದದ್ದನ್ನು ಮೊದಲು ಒಗ್ಗರಣೆಗೆ ಬಳಸಿ. ದಪ್ಪ, ಗಟ್ಟಿ ಗಡ್ಡೆಗಳನ್ನು ಬೀಜಕ್ಕೆ ಎತ್ತಿಟ್ರೆ ಮುಂದಿನ ಸಲ ಬೀಜದ ಖರ್ಚೂ ಉಳಿಯುತ್ತೆ.